ತಾಯಮ್ಮ ಕೇಳಿದ್ದು, ಅಯ್ನೋರು ಹೇಳಿದ್ದು

ಬಾಳೆಗದ್ದೆಯಲ್ಲಿ ಯಾರಿಗೆ ಏನು ಅನುಮಾನ ಬಂದರೂ ಅದು ಕೊನೆಗೆ ಬಂದು ನಿಲ್ಲುತ್ತಿದ್ದದ್ದು ವೀರಯ್ಯನವರ ಮನೆ ಜಗಲಿಯ ಮೇಲೆ. ಬೋರ್‌ವೆಲ್ ಯಾವ ಮೂಲೆಯಲ್ಲಿ ಕೊರೆಸಬೇಕು, ಸೊಸೆಯನ್ನು ಹೆರಿಗೆಗೆ ಆಲೂರಿಗೆ ಕರೆದೊಯ್ಯಬೇಕೋ ಹಾಸನಕ್ಕೋ, ರೊಬಸ್ಟಾ ಕಾಫಿ ಕಿತ್ತು ಬೇರೆ ಗಿಡ ಹಾಕಿದರೆ ಹೇಗೆ, ಯಾವ ಕಂಪನಿಯ ಸಿಮ್ ಹಾಕಿಸಿಕೊಂಡರೆ ಹಳ್ಳದ ಕಡೆ ಸಿಗ್ನಲ್ ಬರುತ್ತದೆ, ಎಲ್ಲವನ್ನೂ ಅಯ್ನೋರನ್ನೇ ಕೇಳಬೇಕು. ಅಯ್ನೋರಿಗೆ ಇವೆಲ್ಲ ಗೊತ್ತಿತ್ತೇ ಎಂದು ಕೇಳಿದರೆ ಅದು ಬೇರೆ ಮಾತು. ಕೇಳಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸುವ ಜಾಯಮಾನ ಅವರದಲ್ಲ, ಅಷ್ಟೇ.

ಊರಿನ ಜಂಗಮರ ಮನೆ ಎಂದರೆ ಅದೊಂದೇ. ವೀರಯ್ಯನವರು ಹುಡುಗನಾಗಿದ್ದಾಗ ಈ ಕಸುಬು ಬೇಡವೆಂದು ಹಟ ಹಿಡಿದವರು. ಸಕಲೇಶಪುರದಲ್ಲಿ ಪಿಯುಸಿ ಓದಿ, ಒಂದು ವಿಷಯದಲ್ಲಿ ಡುಮ್ಕಿ ಹೊಡೆದು, ಬಸ್ ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದರು. ಕೆಲಸದ ಕಾಗದ ಬಂದ ತಿಂಗಳಲ್ಲೇ ಅಪ್ಪ ರಾಮಯ್ಯ ಲಿಂಗೈಕ್ಯರಾದರು. ಅಪ್ಪನ ಕ್ರಿಯೆ ಮುಗಿದು ಒಂಬತ್ತು ದಿನವಾಗಿರಲಿಲ್ಲ, ಮೇಲಿನ ಕೇರಿಯಲ್ಲಿ ಇನ್ನೊಬ್ಬರು ಹೋದರು. ಬಂದು ಬಾಗಿಲಲ್ಲಿ ನಿಂತವರಿಗೆ ಇಲ್ಲ ಎನ್ನಲು ಇಪ್ಪತ್ತೆರಡರ ಹುಡುಗನಿಗೆ ಬಾಯಿ ಬರಲಿಲ್ಲ. ಅಂದು ಅಪ್ಪನ ಜೋಳಿಗೆ ಹೆಗಲಿಗೇರಿಸಿದವರು ನಲವತ್ತೊಂದು ವರ್ಷ ಇಳಿಸಲಿಲ್ಲ. ಕಂಡಕ್ಟರ್ ಆಗಿದ್ದರೆ ಪಿಂಚಣಿಯಾದರೂ ಬರುತ್ತಿತ್ತು ಎಂದು ಅವರ ಹೆಂಡತಿ ಬದುಕಿರುವವರೆಗೂ ಚುಚ್ಚುತ್ತಿದ್ದರು.

ಆದರೆ ಕೆಲಸದಲ್ಲಿ ಮಾತ್ರ ಅವರ ಸಮ ಯಾರೂ ಇಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಪೂಜೆಗೆ ಕೂತಂತೆ ಕೂರಿಸಿ, ಎಡ ಅಂಗೈ ಮೇಲೆ ಅವರವರು ಕೊರಳಲ್ಲಿ ಧರಿಸುತ್ತಿದ್ದ ಲಿಂಗವನ್ನಿಟ್ಟು, ಗುಣಿಯ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಇಳಿಸಿ, ಬಿಲ್ವಪತ್ರೆ, ವಿಭೂತಿ, ಉಪ್ಪು ತುಂಬಿ ಮುಚ್ಚುತ್ತಾರೆ. ಸೆಟೆದುಹೋದ ಕೈಯನ್ನು ಬಗ್ಗಿಸಿ ಅಂಗೈ ಬಿಡಿಸುವುದು ಎಲ್ಲರಿಂದ ಆಗುವ ಕೆಲಸವಲ್ಲ. ವೀರಯ್ಯನವರು ಹೆಣದ ಕಿವಿಯಲ್ಲಿ ಏನೋ ಹೇಳಿ, ಮೊಣಕೈಯಿಂದ ನಿಧಾನವಾಗಿ ನೀವಿಕೊಂಡು ಬರುತ್ತಿದ್ದರು. ಬೆರಳು ತೆರೆದುಕೊಳ್ಳುತ್ತಿದ್ದವು. ಸುತ್ತಲಿನ ಏಳೆಂಟು ಹಳ್ಳಿಗಳಲ್ಲಿ ನಾನೂರಕ್ಕೂ ಹೆಚ್ಚು ಜನರನ್ನು ಹೀಗೆ ಮಣ್ಣಿನಲ್ಲಿ ಕೂರಿಸಿದ ಕೈ ಅದು.

ಈ ಏಪ್ರಿಲ್‌ನಲ್ಲಿ ಊರಿನ ಸೋಮವಾರದ ಭಜನೆ ಮಂಡಳಿಯವರಿಗೆ ಕಾಶಿ-ಕೇದಾರದ ಹುಚ್ಚು ಹಿಡಿಯಿತು. ಹದಿನೇಳು ಜನ, ಹದಿನಾಲ್ಕು ದಿನ. ಮಂಡಳಿಯ ಹಿರಿಯ ದೇವೀರಪ್ಪ ಎಲ್ಲರಿಂದ ವಂತಿಗೆ ಎತ್ತಿ ಅಯ್ನೋರ ಟಿಕೆಟ್ ಊರಿನ ಲೆಕ್ಕದಲ್ಲೇ ಮಾಡಿಸಿದ. ಸಕಲೇಶಪುರದ ಬಸ್ ನಿಲ್ದಾಣದ ಹತ್ತಿರ ಟ್ರಾವೆಲ್ಸ್ ಆಫೀಸಿಟ್ಟಿದ್ದ ಮಂಜುನಾಥ್ ಎಂಬುವನು ಕರೆದುಕೊಂಡು ಹೋಗಿಬರುವ ಜವಾಬ್ದಾರಿ ಹೊತ್ತ. ಒಂದು ಸೋಮವಾರ ಭಜನೆ ಮುಗಿದ ಮೇಲೆ ಅವನೇ ದೇವಸ್ಥಾನಕ್ಕೆ ಬಂದು, ಯಾವ ಊರಲ್ಲಿ ಎಷ್ಟು ಚಳಿ, ಯಾವ ಮಾತ್ರೆ ಇಟ್ಟುಕೊಳ್ಳಬೇಕು ಎಲ್ಲ ಹೇಳಿ, ಕೊನೆಗೆ ಚೀಲದಿಂದ ಇನ್ನೊಂದು ಕಟ್ಟು ಕಾಗದ ತೆಗೆದ.

"ಇನ್ನೊಂದೈತೆ. ಟ್ರಾವೆಲ್ ಇನ್ಶೂರೆನ್ಸ್. ಒಬ್ರಿಗೆ ಐನೂರ ನಲವತ್ತು. ಕಡ್ಡಾಯ ಅಲ್ಲ, ಮಾಡ್ಸಿದ್ರೆ ಒಳ್ಳೇದು. ಹೊರಡೋ ಹಿಂದಿನ ದಿನದ ತನಕ ಟೈಮ್ ಐತೆ."

"ಏನಕ್ಕಪ್ಪಾ ಅದು?" ಎಂದ ದೇವೀರಪ್ಪ.

"ಆಸ್ಪತ್ರೆಗೆ ಸೇರಿದ್ರೆ ಖರ್ಚು ಕೊಡ್ತಾರೆ. ಬ್ಯಾಗು ಕಳೆದ್ರೂ ಕೊಡ್ತಾರೆ. ಆಮೇಲೆ..." ಮಂಜುನಾಥ್ ಸ್ವಲ್ಪ ತಡೆದ. "ಅಲ್ಲೇನಾರ ಹೆಚ್ಚುಕಮ್ಮಿ ಆದ್ರೆ ಬಾಡೀನ ಊರಿಗೆ ತಲುಪಿಸೋದೂ ಅವ್ರದ್ದೇ."

ದೇವಸ್ಥಾನದಲ್ಲಿ ತಾಳ ಎತ್ತಿಡುತ್ತಿದ್ದವರ ಕೈ ನಿಂತಿತು. ದೇವೀರಪ್ಪನಿಗೆ ರೇಗಿಹೋಯಿತು. "ಅಲ್ಲಾ ಮಾರಾಯ, ಮನೆ ಹೊಸ್ಲು ದಾಟೋಕೆ ಮುಂಚೇನೇ ಹೆಣ ಸಾಗ್ಸೋ ಮಾತಾ? ಶುಭ ನುಡಿಯೋ ಅಂದ್ರೆ... ಅಯ್ನೋರೇ, ನೀವೇನಂತೀರಿ?"

ಹದಿನಾರು ಮುಖಗಳು ವೀರಯ್ಯನವರ ಕಡೆ ತಿರುಗಿದವು. ನಿಜ ಹೇಳಬೇಕೆಂದರೆ ಅವರಿಗೆ ಆ ಕಾಗದದಲ್ಲಿ ಏನಿದೆ ಎಂದು ಕೇಳಿ ತಿಳಿದುಕೊಳ್ಳುವ ಆಸೆಯಿತ್ತು. ಆದರೆ ಅಷ್ಟು ಜನ ಬಾಯಿ ನೋಡುತ್ತಿರುವಾಗ ತಿರುಗಿ ಪ್ರಶ್ನೆ ಕೇಳುವುದು ಅವರಿಗೆ ಅಭ್ಯಾಸವಿರಲಿಲ್ಲ.

"ಮನೆ ಮಕ್ಳು ಎಲ್ಲಾ ಬುಟ್ಟು ಶಿವನ ಹತ್ರ ಹೋಗ್ತೀವಿ ಅಂತೀರಿ. ಅಲ್ಲಿಗೂ ಕಂಪ್ನಿಯೋನ ಕಾವಲು ಬೇಕೇನ್ರೋ? ಅಷ್ಟು ನಂಬ್ಕೆ ಇಲ್ದಿದ್ರೆ ಮನೇಲೇ ಕೂತ್ಕಳಿ, ಟಿಕೀಟಿನ ದುಡ್ಡೂ ಉಳೀತದೆ."

ಎಲ್ಲರೂ ಗೊಳ್ಳೆಂದು ನಕ್ಕರು. ಮಂಜುನಾಥನೂ ನಕ್ಕು ಕಾಗದ ಮಡಿಚಿಟ್ಟ. ಚೆನ್ನಾಗಿ ಹೇಳಿದೆ ಎಂದು ವೀರಯ್ಯನವರಿಗೂ ಅನ್ನಿಸಿತು. ಮಾತು ಚೆನ್ನಾಗಿ ಬಂದರೆ ಅದು ನಿಜವೂ ಆಗಿರಬೇಕು ಎಂದು ನಂಬುವುದು ಈ ಕಸುಬಿನವರಿಗೆ ಅಂಟಿದ ಕಾಯಿಲೆ. ಕೇಳುವವರಿಗೂ ಅದೇ ಕಾಯಿಲೆ ಇದ್ದದ್ದರಿಂದ ಯಾರಿಗೂ ತಿಳಿಯುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ತಾಯಮ್ಮ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಜಗಲಿಗೆ ಬಂದಳು. ಅರವತ್ತಾರು ವರ್ಷದ ಹೆಂಗಸು. ಎರಡು ಎಕರೆ ಕಾಫಿ, ಒಬ್ಬನೇ ಮಗ ಮೋಹನ್, ಅವನದೊಂದು ಪಿಕಪ್ ಗಾಡಿ. ಗಂಡ ಹೋಗಿ ಹನ್ನೊಂದು ವರ್ಷವಾಗಿತ್ತು. ಕೂರು ಎಂದರೂ ಕೂರದೆ ಕಂಬ ಹಿಡಿದು ನಿಂತಳು.

"ಒಂದ್ ಮಾತು ಕೇಳ್ತೀನಿ ಅಯ್ನೋರೇ. ನಗಬ್ಯಾಡಿ."

"ಕೇಳು ತಾಯಿ."

"ಆ ಕಡೆ ಸತ್ರೆ ಸುಡ್ತಾರಂತಲ್ಲ, ಹೌದಾ?"

"ಅದು ಅವ್ರ ಪದ್ಧತಿ. ನಿಂಗ್ಯಾಕೀಗ ಸಾವಿನ ಸುದ್ದಿ?"

"ಸಾಯೋಕೇನೂ ಭಯ ಇಲ್ಲ ಕಣ್ರೀ ನಂಗೆ. ಬೆಂಕಿ ಅಂದ್ರೆ ಆಗಲ್ಲ. ನಮ್ ತಂಗಿ ಸೀಮೆಎಣ್ಣೆ ದೀಪ ಮಗುಚ್ಕಂಡು ಹೋಗಿದ್ದು, ಆರು ವರ್ಷದ್ದು, ನನ್ನ ಕಣ್ಮುಂದೇನೇ. ಇವತ್ಗೂ ಒಲೆ ಹಚ್ಚೋವಾಗ ಮುಖ ಆ ಕಡೆ ಮಾಡ್ತೀನಿ." ಆಮೇಲೆ ಸ್ವಲ್ಪ ನಾಚಿಕೊಂಡು ಮುಂದುವರಿಸಿದಳು. "ಮ್ಯಾಲಾಗಿ ನಮ್ಮೆಜಮಾನ್ರ ಮಗ್ಗುಲಲ್ಲಿ ಜಾಗ ಬುಟ್ಟೈತಲ್ಲ, ನೀವೇ ಅಳತೆ ಮಾಡಿ ತೋರ್ಸಿದ್ದು. ನಾನು ಅಲ್ಲಿ ಕೂರ್ಬೇಕು. ಮೊನ್ನೆ ಮಂಜುನಾಥ ಹೇಳಿದ್ನಲ್ಲ, ಊರಿಗೆ ತಲುಪಿಸ್ತಾರೆ ಅಂತ. ದುಡ್ಡು ಎತ್ತಿಟ್ಟೀನಿ. ನೀವು ಹೂಂ ಅಂದ್ರೆ ಮೋಹನನ ಕೈಲಿ ಕಳಿಸ್ಕೊಡ್ತೀನಿ."

ಮಾಡಿಸು ತಾಯಿ ಎಂಬ ಮಾತು ವೀರಯ್ಯನವರ ನಾಲಿಗೆ ತುದಿಗೆ ಬಂದಿತ್ತು. ಬಂದದ್ದು ನಿಜ. ಅಷ್ಟರಲ್ಲಿ ಇನ್ನೊಂದು ಯೋಚನೆ ಅಡ್ಡ ಬಂತು. ಇವಳು ಮಾಡಿಸಿದರೆ ಸಂಜೆಯೊಳಗೆ ಹಾಲಿನ ಡೈರಿಯಲ್ಲಿ ಸುದ್ದಿಯಾಗುತ್ತದೆ. ಅಯ್ನೋರೇ ಹೂಂ ಅಂದರಂತೆ ಎನ್ನುತ್ತಾರೆ. ನಾಳೆ ದೇವೀರಪ್ಪ ಬಂದು, ಸೋಮವಾರ ಒಂದು ಬುಧವಾರ ಒಂದಾ ಎಂದು ಕೇಳುತ್ತಾನೆ. ಕೇಳಿದರೆ ಏನೂ ಆಗುತ್ತಿರಲಿಲ್ಲ. ದೇವೀರಪ್ಪನೇನು ನ್ಯಾಯಾಧೀಶನೇ? ಆದರೂ ಆ ಕ್ಷಣಕ್ಕೆ ಅವರಿಗೆ ತಾಯಮ್ಮನ ಭಯಕ್ಕಿಂತ ದೇವೀರಪ್ಪನ ಮುಖವೇ ದೊಡ್ಡದಾಗಿ ಕಂಡಿತು.

"ನಾನು ಜೊತೇಲೇ ಇರ್ತೀನಲ್ಲ ತಾಯಮ್ಮ. ಏನೂ ಆಗಲ್ಲ ಅಂತ ನಾನು ಹೇಳ್ತಿದೀನಿ. ಸಾಕಲ್ವಾ?"

ತಾಯಮ್ಮ ಅವರ ಮುಖ ನೋಡಿದಳು. ಹನ್ನೊಂದು ವರ್ಷದ ಹಿಂದೆ ಗಂಡನ ಅಂಗೈ ಬಿಡಿಸಿ ಲಿಂಗ ಇಟ್ಟವರು ಇವರೇ.

"ಸಾಕು ಬುಡಿ," ಎಂದಳು. ಹಣ್ಣನ್ನು ಜಗಲಿ ಮೇಲಿಟ್ಟು ಹೋದಳು.

ಭಾನುವಾರ ಮಗಳು ಮಾನಸಾ ಹಾಸನದಿಂದ ಬಂದಳು. ಅಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಒಂದರಲ್ಲಿ ಅವಳಿಗೆ ಕೆಲಸ. ಅಪ್ಪನಿಗೆ ಸ್ವೆಟರ್, ಬಿಪಿ ಮಾತ್ರೆ, ಕಿವಿ ಮುಚ್ಚುವ ಟೋಪಿ ತಂದಿದ್ದಳು. ಎಲ್ಲ ಬ್ಯಾಗಿಗೆ ತುಂಬಿ, ಮೊಬೈಲ್ ಹಿಡಿದು ಅಪ್ಪನ ಎದುರು ಕೂತಳು.

"ಅಪ್ಪಾಜಿ, ಆಧಾರ್ ನಂಬರ್ ಹೇಳಿ. ಇನ್ಶೂರೆನ್ಸ್ ಮಾಡ್ತಿದೀನಿ."

"ಬ್ಯಾಡ ಕಣಮ್ಮ. ಊರವ್ರಿಗೆಲ್ಲ ಬ್ಯಾಡ ಅಂದೀನಿ."

"ಯಾಕೆ ಅಂದ್ರಿ? ಅವ್ರಿಗೂ ಮಾಡ್ಸಿ ಅಂತ ಹೇಳಿ. ವಯಸ್ಸಾದವ್ರೇ ಜಾಸ್ತಿ ಇದಾರೆ."

"ಆಡಿದ ಮಾತು ತಿರುಗ್ಸೋಕಾಯ್ತದಾ?"

"ಒಂದು ಫೋನ್ ಮಾಡಿದ್ರೆ ಆಯ್ತದೆ ಅಪ್ಪಾಜಿ," ಎಂದಳು ಮಾನಸಾ. "ಇರ್ಲಿ, ಮೊದ್ಲು ನಿಮ್ದು ಹೇಳಿ. ಬಿಪಿ ಇಟ್ಕೊಂಡು ಅಷ್ಟೆತ್ತರ ಹೋಗ್ತೀರಿ. ನಂಗೆ ನಿದ್ದೆ ಬರಲ್ಲ."

ವೀರಯ್ಯನವರು ಹೇಳದೇ ಇರಬಹುದಿತ್ತು. ಗೋಡೆಯ ಗೂಡಿನಿಂದ ಕಾರ್ಡ್ ತೆಗೆದು, ಕನ್ನಡಕ ಹಾಕಿಕೊಂಡು, ಹನ್ನೆರಡು ಅಂಕಿಗಳನ್ನು ಓದಿದರು. ಮಾನಸಾ ಸರಿಯಾಗಿ ಕೇಳಿಸಲಿಲ್ಲ ಎಂದಾಗ ಇನ್ನೊಮ್ಮೆ ಓದಿದರು. ಹತ್ತು ನಿಮಿಷದಲ್ಲಿ ಅವರ ಫೋನಿಗೆ ಕುಂಯ್ ಎಂದು ಸಂದೇಶ ಬಂತು. ಎದೆಯ ಮೇಲಿನ ಭಾರ ಇಳಿದಂತಾಯಿತು. ಅಂಥದೊಂದು ಭಾರ ಇತ್ತು ಎಂಬುದೇ ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಯಾರಿಗೂ ಹೇಳ್ಬ್ಯಾಡ," ಎಂದರು ಮಗಳಿಗೆ.

ಹೊರಡಲು ಇನ್ನೂ ಮೂರು ದಿನವಿತ್ತು. ಮಂಗಳವಾರ ಬೆಳಿಗ್ಗೆ ದಾರಿಯಲ್ಲಿ ತಾಯಮ್ಮ ಸಿಕ್ಕಳು. ಮೋಹನ್ ತಂದುಕೊಟ್ಟ ಕೆಂಪು ಶಾಲನ್ನು ಮೇ ತಿಂಗಳ ಸೆಕೆಯಲ್ಲೇ ಹೊದ್ದು ತೋರಿಸಿದಳು. "ಹೆಂಗೈತೆ ಅಯ್ನೋರೇ?" ಎಂದಳು. ಚೆನ್ನಾಗೈತೆ ಎಂದರು. ಇನ್ನೊಂದು ಮಾತು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ದಾರಿಯಲ್ಲಿ ಬೇರೆ ನರಪಿಳ್ಳೆಯೂ ಇರಲಿಲ್ಲ. ವೀರಯ್ಯನವರು ಶಾಲಿನ ಅಂಚು ಮುಟ್ಟಿ ನೋಡಿ, ಒಳ್ಳೆ ಉಣ್ಣೆ ಎಂದು ಹೇಳಿ, ತಮ್ಮ ದಾರಿ ಹಿಡಿದರು.

ಕಾಶಿ ಚೆನ್ನಾಗಿಯೇ ಆಯಿತು. ದೋಣಿಯಲ್ಲಿ ಕೂರಿಸಿ ಘಾಟ್‌ಗಳನ್ನು ತೋರಿಸುವಾಗ ಮಾತ್ರ, ಸಾಲಾಗಿ ಚಿತೆಗಳು ಉರಿಯುವ ಜಾಗ ಬಂದ ಕೂಡಲೇ ತಾಯಮ್ಮ ಸೆರಗನ್ನು ಮುಖದ ತುಂಬ ಎಳೆದುಕೊಂಡು, "ಬ್ಯಾಗ ದಾಟ್ಸಪ್ಪಾ," ಎಂದು ಹಿಂದಿ ಮಾತ್ರ ಬರುವ ದೋಣಿಯವನಿಗೆ ಕನ್ನಡದಲ್ಲಿ ಹೇಳಿದಳು. ಎಲ್ಲರೂ ನಕ್ಕರು. ವೀರಯ್ಯನವರಿಗೆ ನಗು ಬರಲಿಲ್ಲ.

ಕೇದಾರಕ್ಕೆ ಕುದುರೆ ಮೇಲೆ ಹತ್ತಿ, ದರ್ಶನ ಮಾಡಿ, ಮರುದಿನ ಇಳಿದು ಗುಪ್ತಕಾಶಿಯ ಲಾಡ್ಜಿಗೆ ಬಂದರು. ಸಂಜೆ ಚಹಾ ಕುಡಿಯುತ್ತಿದ್ದ ತಾಯಮ್ಮ ಲೋಟ ಕೆಳಗಿಟ್ಟು, ಎದೆ ಹಿಡಿದಂಗಾಗ್ತದೆ ಎಂದಳು. ಪಕ್ಕದ ಬೀದಿಯ ಸಣ್ಣ ಆಸ್ಪತ್ರೆಗೆ ಸೇರಿಸಿದರು. ವೈದ್ಯರು ಮಾಡುವುದನ್ನೆಲ್ಲ ಮಾಡಿದರು. ಆಮ್ಲಜನಕದ ಕೊಳವೆ ಮೂಗಿಗೆ ಸಿಕ್ಕಿಸಿಕೊಂಡು ಮಲಗಿದ್ದವಳ ಪಕ್ಕ ವೀರಯ್ಯನವರು ಕೂತಿದ್ದರು.

"ಊರಿಗೆ ಇನ್ನೆಷ್ಟು ದಿನ ಐತೆ ಅಯ್ನೋರೇ?"

"ಐದು ದಿನ ತಾಯಿ."

ಐದು ಬಹಳವಾಯಿತು ಎನ್ನುವಂತೆ ತಾಯಮ್ಮ ತಲೆಯನ್ನು ಆ ಕಡೆ ಈ ಕಡೆ ಮಾಡಿದಳು. ಬೆಳಕು ಹರಿಯುವಾಗ ಉಸಿರು ನಿಂತಿತ್ತು.

ಮಂಜುನಾಥ್ ಪಾಪ ಓಡಾಡದ ಕಡೆ ಇಲ್ಲ. ಎಂಟು ಗಂಟೆಗೆ ಬಂದು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತಿದ್ದವರ ಮುಂದೆ ನಿಂತ. ಶವ ಕೆಡದಂತೆ ಮಾಡುವ ವ್ಯವಸ್ಥೆ ಇಲ್ಲಿಲ್ಲ, ಡೆಹ್ರಾಡೂನಿಗೆ ಒಯ್ಯಬೇಕು. ಗುಡ್ಡ ಕುಸಿದು ರಸ್ತೆ ಅಲ್ಲಲ್ಲಿ ಕಟ್ಟಿದೆ. ಪೊಲೀಸರ ಕಾಗದ, ವೈದ್ಯರ ಕಾಗದ, ಪೆಟ್ಟಿಗೆ, ಎರಡು ವಿಮಾನ, ಬೆಂಗಳೂರಿನಿಂದ ಆಂಬುಲೆನ್ಸ್. ಎರಡು ಲಕ್ಷದ ಹತ್ತಿರ ಬೇಕು, ಮೊದಲೇ ಕೈಗೆ ಕೊಟ್ಟರೆ ಮಾತ್ರ ಗಾಡಿ ಹೊರಡುತ್ತದೆ. ಇಲ್ಲಿ ತಣ್ಣನೆ ಕೋಣೆ ಇಲ್ಲದ್ದರಿಂದ ಮಧ್ಯಾಹ್ನದೊಳಗೆ ತೆಗೆದುಕೊಂಡು ಹೋಗಿ ಎನ್ನುತ್ತಿದ್ದಾರೆ.

ಹೆಂಗಸರು ಸೊಂಟದ ಚೀಲ ಬಿಚ್ಚಿದರು, ಗಂಡಸರು ಒಳಜೇಬು ತಡಕಿದರು. ಎಲ್ಲ ಸೇರಿಸಿದರೆ ನಲವತ್ತು ಸಾವಿರವಾಗಲಿಲ್ಲ.

"ಇನ್ಶೂರೆನ್ಸ್ ಒಂದಿದ್ದಿದ್ರೆ ಒಂದು ಫೋನ್ ಸಾಕಾಗಿತ್ತು. ಅವ್ರೇ ಬಂದು ಎಲ್ಲಾ ಮಾಡೋರು," ಎಂದ ಮಂಜುನಾಥ್. ಯಾರನ್ನೂ ಅಂದದ್ದಲ್ಲ. ಆಯಾಸಕ್ಕೆ ಬಾಯಿಂದ ಬಂದ ಮಾತು. ದೇವೀರಪ್ಪ ನೆಲ ನೋಡಿದ. ಉಳಿದವರು ನದಿ ಕಡೆ ನೋಡಿದರು. ಒಬ್ಬರಾದರೂ ತಮ್ಮ ಕಡೆ ನೋಡಿದ್ದರೆ ವೀರಯ್ಯನವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅಂಗಿಯ ಜೇಬಿನಲ್ಲಿದ್ದ ಫೋನು ಸುಡುತ್ತಿತ್ತು. ಅದರೊಳಗೆ ಅವರ ಹೆಸರಿನ ಇನ್ಶೂರೆನ್ಸ್ ಭದ್ರವಾಗಿತ್ತು. ಅವರು ಮಂಜುನಾಥನನ್ನು ಗೋಡೆ ಪಕ್ಕಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದರು.

"ಒಬ್ರ ಹೆಸರಲ್ಲಿ ಮಾಡ್ಸಿರೋದು ಇನ್ನೊಬ್ರಿಗೆ ಆಯ್ತದಾ?"

"ಎಲ್ಲಾರ ಉಂಟಾ ಅಯ್ನೋರೇ? ಯಾರ್ದು, ಯಾರಾದ್ರೂ ಮಾಡ್ಸವ್ರಾ?"

"ಇಲ್ಲ. ಸುಮ್ನೆ ಕೇಳ್ದೆ."

ನಲವತ್ತೊಂದು ವರ್ಷ ಸಾವಿನ ಮನೆಗಳಲ್ಲಿ ನಿಂತು ಮಾತಾಡಿದ ಮನುಷ್ಯ, ಒಂದು ಸಾವಿನ ಎದುರು ಸುಳ್ಳು ಹೇಳಿದ್ದು ಅದೇ ಮೊದಲು. ಆದರೂ ಹೋಗಿ ತಿದ್ದಲಿಲ್ಲ.

ಇಲ್ಲೇ ಎಲ್ಲಾದರೂ ಮೂರಡಿ ಜಾಗ ಸಿಕ್ಕರೆ ಕೂರಿಸಿ ಮಣ್ಣು ಮಾಡುತ್ತೇನೆ ಎಂದು ಅವರು ಠಾಣೆಗೂ ಹೋಗಿಬಂದರು. ನದಿ ದಂಡೆಯಲ್ಲಿ ಹೂಳಲು ಬಿಡುವುದಿಲ್ಲ, ಮೇಲಿನದೆಲ್ಲ ಕಾಡಿನ ಇಲಾಖೆಯದು, ಉಳಿದದ್ದು ಬರೀ ಬಂಡೆ ಎಂದರು ಅಲ್ಲಿಯವರು. ಸುಡಲು ಮಾತ್ರ ಜಾಗ ಬೇಕಾದಷ್ಟಿತ್ತು.

ಫೋನಿನಲ್ಲಿ ಮೋಹನ್ ಅಳುತ್ತಿದ್ದ. "ಪಿಕಪ್ ಮಾರ್ಬುಡ್ತೀನಿ ಅಯ್ನೋರೇ. ನಾಳೆ ಸಂಜೆ ಒಳಗೆ ಹೆಂಗಾರ ಮಾಡಿ ದುಡ್ಡು ಕಳಿಸ್ತೀನಿ. ಅವ್ವನ್ನ ಹಂಗೇ ಇಟ್ಕಳಿ."

"ಇಟ್ಕಳಕ್ಕೆ ಬಿಡ್ತಿಲ್ಲ ಕಣಪ್ಪ. ಮಧ್ಯಾಹ್ನ ಅಂತಾವ್ರೆ."

ಮೋಹನ್ ಹೇಳಿದ, "ನೀವು ಏನ್ ಹೇಳ್ತೀರೋ ಹಂಗೇ ಆಗ್ಲಿ ಅಯ್ನೋರೇ."

ಮತ್ತೆ ಅವರನ್ನೇ ಕೇಳಿದ್ದು. ಎರಡು ಸಾವಿರ ಕಿಲೋಮೀಟರಿನಾಚೆ ಬಂದರೂ ಆ ಜಗಲಿ ಅವರನ್ನು ಬಿಡಲಿಲ್ಲ.

"ಇಲ್ಲೇ ಮಾಡಣ," ಎಂದರು ವೀರಯ್ಯನವರು.

ಮಂದಾಕಿನಿಯ ದಂಡೆಯಲ್ಲಿ ಕಟ್ಟಿಗೆ ಒಟ್ಟಿದರು. ತಾಯಮ್ಮನನ್ನು ಅದರ ಮೇಲೆ ಮಲಗಿಸಿದರು. ಸತ್ತವರು ಹಾಗೆ ಕಾಲು ಚಾಚಿ ಅಂಗಾತ ಮಲಗಿರುವುದನ್ನು ಕ್ರಿಯೆಯ ಹೊತ್ತಿನಲ್ಲಿ ವೀರಯ್ಯನವರು ಕಂಡಿರಲಿಲ್ಲ. ಅವರ ಕೈ ತನ್ನಷ್ಟಕ್ಕೆ ಅವಳ ಬೆನ್ನ ಕೆಳಗೆ ಹೋಗಿ ಎತ್ತಿ ಕೂರಿಸಲು ನೋಡಿತು. ಕಟ್ಟಿಗೆಯವನು ಹಿಂದಿಯಲ್ಲಿ ಏನೋ ಗದರಿದ. ವೀರಯ್ಯನವರು ಕೈ ತೆಗೆದರು. ಅವಳ ಕೊರಳಿನ ಶಿವದಾರ ಬಿಚ್ಚಿ, ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ತಮ್ಮ ವಸ್ತ್ರದ ಚುಂಗಿಗೆ ಕಟ್ಟಿಕೊಂಡರು. ಮಗನ ಬದಲು ದೇವೀರಪ್ಪ ಬೆಂಕಿ ಇಟ್ಟ. ಕೆಂಪು ಶಾಲು ಮೊದಲು ಹತ್ತಿಕೊಂಡಿತು. ವೀರಯ್ಯನವರು ಮುಖ ತಿರುಗಿಸಲಿಲ್ಲ. ತಿರುಗಿಸುವ ಹಕ್ಕು ತಮಗಿಲ್ಲ ಎಂದು ಅವರಿಗೆ ಗೊತ್ತಿತ್ತು. ಕೊನೆಯ ಕೊಳ್ಳಿ ಆರುವವರೆಗೂ ನೋಡುತ್ತ ನಿಂತರು. ಆಮೇಲೆ ಬೂದಿ, ಮೂಳೆ ಆರಿಸಿ ಒಂದು ಮಡಕೆಗೆ ತುಂಬಿಕೊಂಡರು.

ಐದನೆಯ ದಿನ ಊರಿಗೆ ಬಂದಾಗ ಮುಂಗಾರಿನ ಮೊದಲ ಮೋಡಗಳು ಗುಡ್ಡದ ಮೇಲೆ ಕೂತಿದ್ದವು. ಮೋಹನ್ ತೋಟದ ಅಂಚಿನಲ್ಲಿ, ಅಪ್ಪನ ಸಮಾಧಿಯ ಮಗ್ಗುಲಲ್ಲಿ ಗುಣಿ ತೋಡಿಸಿದ್ದ. ಆಳುಗಳ ಕೈಗೆ ಕೊಟ್ಟದ್ದು ಅರ್ಧ ಮಾತ್ರ, ಉಳಿದರ್ಧ ತಾನೇ ತೋಡಿದ್ದ ಎಂಬುದು ಅವನ ಅಂಗೈಯ ಬೊಬ್ಬೆ ನೋಡಿದರೆ ತಿಳಿಯುತ್ತಿತ್ತು. ಪೂರಾ ಆಳ, ಪೂರಾ ಅಗಲ, ಗೋಡೆಯಲ್ಲಿ ಒಂದಾಳು ಕೂರುವಷ್ಟು ಗೂಡು. ಒಂದು ಮಡಕೆಗೆ ಇಷ್ಟು ದೊಡ್ಡದು ಯಾಕೆ ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ಮೋಹನ್ ಕೇಳಿಸದವನಂತೆ ಗೂಡಿನ ಮಣ್ಣನ್ನು ಅಂಗೈಯಿಂದ ನಯ ಮಾಡುತ್ತಿದ್ದ.

ವೀರಯ್ಯನವರು ಗುಣಿಗಿಳಿದರು. ಮಡಕೆಗೆ ವಿಭೂತಿ ಹಚ್ಚಿದರು, ಹೂವು ಏರಿಸಿದರು, ಗೂಡಿನಲ್ಲಿಟ್ಟರು. ಮಂತ್ರ ತಾನಾಗಿ ಬರುತ್ತಿತ್ತು. ಚುಂಗು ಬಿಚ್ಚಿ ಲಿಂಗವನ್ನು ಕೈಗೆ ತೆಗೆದುಕೊಂಡರು. ಅಲ್ಲಿಗೆ ಮಂತ್ರ ನಿಂತಿತು.

ಎದುರಿಗೆ ಮಡಕೆ ಇತ್ತು. ನೀವಲು ಮೊಣಕೈ ಇರಲಿಲ್ಲ. ಬಿಡಿಸಲು ಬೆರಳಿರಲಿಲ್ಲ.

ಮೇಲೆ ಸುತ್ತ ನಿಂತವರು ಕಾದರು. ಕೊನೆಗೆ ಮೋಹನನೇ ಗುಣಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು ಕೇಳಿದ.

"ಲಿಂಗ ಎಲ್ಲಿಡೋದು ಅಯ್ನೋರೇ?"

"ನಂಗೊತ್ತಿಲ್ಲ ಕಣಪ್ಪ," ಎಂದರು ವೀರಯ್ಯನವರು.

ದುಃಖ ಉಕ್ಕಿ ಹಾಗೆ ಹೇಳಿದರು ಎಂದುಕೊಂಡ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಮೋಹನ್ ಕೆಳಗಿಳಿದು ಲಿಂಗವನ್ನು ಅವರ ಕೈಯಿಂದ ತೆಗೆದುಕೊಂಡ. ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಮಡಕೆಯ ಕೊರಳಿಗೆ ಕಟ್ಟಿ, ಅದು ಬೀಳದಂತೆ ಎರಡು ಸಲ ಎಳೆದು ನೋಡಿದ. ಆಮೇಲೆ ಬಿಲ್ವಪತ್ರೆ, ಉಪ್ಪು, ಮಣ್ಣು.

ಮುಗಿದ ಮೇಲೆ ಜನ ಕೆರೆ ಕಡೆ ನಡೆದರು. ಮೋಹನ್ ಮಾತ್ರ ಅಯ್ನೋರ ಕೈಗೆ ನೀರು ಹಾಕಲು ಚೊಂಬು ಹಿಡಿದು ನಿಂತಿದ್ದ. ಇನ್ನು ಹೇಳದೆ ಇದ್ದರೆ ತನ್ನಿಂದ ಮನೆ ಸೇರಲು ಆಗುವುದಿಲ್ಲ ಎನ್ನಿಸಿತು ವೀರಯ್ಯನವರಿಗೆ.

"ಮೋಹನ, ನಂದು ಮಾಡ್ಸಿದ್ದೆ ಕಣಪ್ಪ."

"ಏನು ಅಯ್ನೋರೇ?"

"ಇನ್ಶೂರೆನ್ಸು. ಮಾನಸ ಮಾಡ್ಸಿದ್ಲು, ನಾನೂ ಬ್ಯಾಡ ಅನ್ನಲಿಲ್ಲ. ನಿಮ್ಮವ್ವ ಬಂದು ಕೇಳಿದ್ಲು. ಅವ್ಳಿಗೆ ಬ್ಯಾಡ ಅಂದೆ. ಅಂದು ನಾಲ್ಕೇ ದಿನಕ್ಕೆ ನಂದು ಮಾಡಿಸ್ಕಂಡೆ. ಆಮೇಲೂ ಟೈಮಿತ್ತು. ದಾರೀಲಿ ಸಿಕ್ಕಿದ್ಲು. ಹೇಳ್ಬೋದಿತ್ತು. ಹೇಳ್ಲಿಲ್ಲ."

ಬೈದರೆ ಬೈಯಲಿ ಎಂದು ಅವರು ತಲೆ ತಗ್ಗಿಸಿದ್ದರು. ಬೈಯಲಿ ಎಂದೇ ಬೇಡುತ್ತಿದ್ದರು. ನೀರಿನ ಧಾರೆ ಒಂದು ಗಳಿಗೆ ನಿಂತು ಮತ್ತೆ ಬೀಳತೊಡಗಿತು.

"ಒಳ್ಳೇದಾಯ್ತು ಬುಡಿ ಅಯ್ನೋರೇ," ಎಂದ ಮೋಹನ್. "ನಿಮ್ಗಾರ ಇತ್ತಲ್ಲ. ನಿಮ್ಗೂ ಏನಾರ ಆಗಿದ್ರೆ ಇವತ್ತು ಅವ್ವಂಗೆ ಯಾರು ಮಾಡೋರು?"

ವೀರಯ್ಯನವರು ಕತ್ತೆತ್ತಿ ನೋಡಿದರು. ಅವನ ಮುಖದಲ್ಲಿ ಕೊಂಕು ಇರಲಿಲ್ಲ. ಹುಡುಕಿದರು, ಎಲ್ಲೂ ಇರಲಿಲ್ಲ.

ಮೋಹನ್ ಚೊಂಬು ಕೆಳಗಿಟ್ಟು, ತಾಂಬೂಲ ದಕ್ಷಿಣೆ ಇಟ್ಟಿದ್ದ ತಟ್ಟೆ ತಂದ. ಬೇಡ ಎಂದು ವೀರಯ್ಯನವರು ಎರಡು ಹೆಜ್ಜೆ ಹಿಂದೆ ಸರಿದರು. ಮೋಹನನ ಮುಖ ಗಾಬರಿಯಾಯಿತು. "ಹಂಗನ್ಬ್ಯಾಡಿ ಅಯ್ನೋರೇ. ಜಂಗಮ್ರ ಕೈ ಸೇರ್ದೆ ಇದ್ರೆ ಕ್ರಿಯೆ ಪೂರ್ತಿ ಆಗಲ್ಲ ಅಂತ ನೀವೇ ಹೇಳ್ತೀರಿ. ಅವ್ವಂಗೆ ಇದೊಂದಾದ್ರೂ ಸರಿಯಾಗಿ ಆಗ್ಲಿ."

ವೀರಯ್ಯನವರು ಕೈ ಚಾಚಿದರು. ಮೋಹನ್ ತಟ್ಟೆಯನ್ನು ಅವರ ಒದ್ದೆ ಕೈಗಳ ಮೇಲಿಟ್ಟು, ಬಗ್ಗಿ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ.